ಟಕ್ ಅನ್ನದಿರಲಿ ಎಂದು ಕಾಯುವ ಕೈ

ಈ ಬರಹದಲ್ಲಿ ಒಂದೇ ಒಂದು ಸುಳ್ಳು ಸದ್ದು ಬರುತ್ತದೆ. ಅದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅಪ್ಪಟ ನಿಜ. ಆ ಸದ್ದು ಯಾವುದು ಎಂದು ಈಗಲೇ ಹೇಳಿದರೆ ನಿಮ್ಮ ಮಜಾ ಹೋಗುತ್ತದೆ. ಹೇಳದಿದ್ದರೆ ಸ್ತಾನಾ ಅವರ ಜೀವ ಹೋಗುತ್ತದೆ. ಆದರೆ ಅವರ ಜೀವ ಕಳೆದ ಸೆಪ್ಟೆಂಬರಿನಿಂದ ಹಾಗೇ ಹೋಗಿ ಹೋಗಿ ಬರುತ್ತಿದೆ. ನೀವೂ ಸ್ವಲ್ಪ ತಾಳಿಕೊಳ್ಳಿ.

ಇನ್ನೂ ಸೂರ್ಯ ಹುಟ್ಟಿಲ್ಲ. ಲೆಸ್ಕೊವಾಟ್ಸ್ ಊರಿನ ರೈಲು ಹಳಿಯ ಹಿಂದಿನ ಬೀದಿಯಲ್ಲಿ ಆಗಲೇ ಅಂಗಳಕ್ಕೊಂದರಂತೆ ಒಲೆಗಳು ಹೊತ್ತಿವೆ. ಚಳಿಗಾಲಕ್ಕೆ ತೆಗೆದಿಡುವ ಐವಾರ್ ಎಂಬ ಚಟ್ನಿಗೆಂದು ಕೆಂಪು ಮೆಣಸಿನಕಾಯಿ ಸುಡುವ ದಿನಗಳಿವು. ಬೀದಿಗೆ ಬೀದಿಯೇ ಕೆಮ್ಮುತ್ತ ಏಳುತ್ತದೆ. ಇಡೀ ಬೀದಿಯಲ್ಲಿ ಒಂದೇ ಒಂದು ಅಂಗಳದಲ್ಲಿ ಒಲೆ ಹೊತ್ತಿಲ್ಲ. ಅಲ್ಲಿ ಕಾರು ನಿಲ್ಲಿಸುವ ಶೆಡ್ಡಿನ ಬಾಗಿಲು ಅರ್ಧ ಮೇಲೆದ್ದಿದೆ, ಒಳಗಿನಿಂದ ಅಂಟಿನ ವಾಸನೆ ಹೊರಗೆ ಬರುತ್ತಿದೆ, ಮೆಣಸಿನಕಾಯಿಯ ಹೊಗೆ ಒಳಗೆ ಹೋಗುತ್ತಿದೆ. ಮೇಜಿನ ಮೇಲೆ ಕಾರಿನ ಚಕ್ರದಷ್ಟು ಅಗಲದ ಸಬ್‌ವೂಫರ್, ಅಂದರೆ ಆಳದ ಸ್ವರದ ಸ್ಪೀಕರ್, ಅಂಗಾತ ಮಲಗಿದೆ. ಅದರ ಮೇಲೆ ಬಗ್ಗಿ, ಉಸಿರು ಬಿಗಿಹಿಡಿದು, ಎರಡು ಬೆರಳಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಸಣ್ಣ ಪಟ್ಟಿಯೊಂದನ್ನು ಎಳೆಯುತ್ತಿರುವವರೇ ಸ್ತಾನಾ. ವಯಸ್ಸು ಅರವತ್ತೆರಡು. ತಲೆಗೆ ಹೂವಿನ ಚೌಕ, ಕೊರಳಲ್ಲಿ ನೂಲಿಗೆ ಕಟ್ಟಿದ ಕನ್ನಡಕ.

"ಇದು ನಮ್ಮತ್ತೆಯ ಸೊಂಟ," ಎನ್ನುತ್ತಾರೆ ಪಟ್ಟಿಯನ್ನು ಬೆಳಕಿಗೆ ಹಿಡಿದು. ನಿಜವಾಗಿಯೂ ಸೊಂಟವೇ. ಹಳೆಯ ಎಕ್ಸ್‌ರೇಯನ್ನು ಕತ್ತರಿಸಿ ಮಾಡಿಕೊಂಡ ಪಟ್ಟಿಗಳು. ಸ್ಪೀಕರಿನೊಳಗಿನ ತಂತಿಸುರುಳಿ, ಅಂದರೆ ಕಾಯಿಲು, ಅಯಸ್ಕಾಂತದ ಸೀಳಿನಲ್ಲಿ ಯಾವ ಗೋಡೆಗೂ ತಾಗದೆ ನಟ್ಟನಡುವೆ ನಿಲ್ಲಬೇಕು. ಅಂಟು ಒಣಗುವ ತನಕ ಸುತ್ತಲೂ ಈ ಪಟ್ಟಿಗಳನ್ನು ಸಿಕ್ಕಿಸಿ ಅದನ್ನು ನೇರವಾಗಿ ಹಿಡಿದಿಡುತ್ತಾರೆ. "ಅತ್ತೆ ಬದುಕಿದ್ದಾಗ ನನ್ನನ್ನ ಒಂದು ದಿನಾನೂ ಸೊಟ್ಟಗೆ ನಿಲ್ಲೋಕೆ ಬಿಡ್ಲಿಲ್ಲ. ಸತ್ತಮೇಲೂ ಬಿಡ್ತಿಲ್ಲ ನೋಡಿ."

ಕೊನೆಯ ಪಟ್ಟಿ ಹೊರಬರುತ್ತದೆ. ಈಗ ಸ್ತಾನಾ ನಗುವುದಿಲ್ಲ. ಮೂರು ಬೆರಳನ್ನು ಸ್ಪೀಕರಿನ ಬಟ್ಟಲಿನಂಥ ಕೋನಿನ ಮೇಲೆ ಸಮನಾಗಿ ಊರಿ, ಕಿವಿಯನ್ನು ಅದರ ಹತ್ತಿರ ತಂದು, ಮೆಲ್ಲಗೆ ಕೆಳಕ್ಕೆ ಒತ್ತುತ್ತಾರೆ. ಮೆಲ್ಲಗೆ ಬಿಡುತ್ತಾರೆ. ಮತ್ತೆ ಒತ್ತುತ್ತಾರೆ. ಏನೂ ಕೇಳುವುದಿಲ್ಲ. ಏನೂ ಕೇಳದಿರುವುದೇ ಒಳ್ಳೆಯ ಸುದ್ದಿ. ಆದರೆ ಅವರ ಮುಖ ಒಳ್ಳೆಯ ಸುದ್ದಿ ಕೇಳಿದವರ ಮುಖದಂತಿಲ್ಲ. ಹಣೆಯಲ್ಲಿ ಬೆವರಿದೆ. ಈ ಸಬ್‌ವೂಫರ್ ಭಾನುವಾರ ಊರೆಲ್ಲ ನೋಡುವಂತೆ ಕುಣಿಯಬೇಕು. ಕಳೆದ ವರ್ಷವೂ ಇದೇ ಸಬ್‌ವೂಫರ್ ಕುಣಿದಿತ್ತು. ಒಂದು ಹಾಡೂ ಮುಗಿಯಲಿಲ್ಲ.

ಸ್ತಾನಾ ಎಂಬ ಹೆಸರಿಗೆ ‘ನಿಲ್ಲು’ ಎಂಬ ಅರ್ಥವಿದೆ. ಅವರಿಗಿಂತ ಮೊದಲು ಮನೆಯಲ್ಲಿ ನಾಲ್ಕು ಹೆಣ್ಣು ಹುಟ್ಟಿದ್ದವು. ಇಲ್ಲಿಗೆ ನಿಲ್ಲಲಿ ಎಂದು ಅಪ್ಪ ಆ ಹೆಸರಿಟ್ಟ. ನಮ್ಮ ಕಡೆ ಸಾಕಮ್ಮ ಎಂದು ಕರೆಯುವುದಿಲ್ಲವೇ, ಅದೇ ಲೆಕ್ಕ. ಹೆಣ್ಣು ಹುಟ್ಟುವುದು ನಿಲ್ಲಲಿಲ್ಲ, ಇನ್ನೂ ಎರಡು ಬಂದವು. ಆದರೆ ಹೆಸರು ಬೇರೆ ಕಡೆ ಕೆಲಸಕ್ಕೆ ಬಂತು. ಕೋನ್ ಎಲ್ಲಿಯ ತನಕ ಓಡಬೇಕು, ಎಲ್ಲಿ ನಿಲ್ಲಬೇಕು ಎಂದು ನಿಗಾ ಇಡುವುದೇ ಸ್ತಾನಾ ಅವರ ಬದುಕಾಯಿತು. ಕಾಯಿಲನ್ನು ಅದರ ಸ್ಥಾನದಲ್ಲಿ ಕೂರಿಸುವವರಿಗೆ ಸ್ತಾನಾ ಎಂದೇ ಹೆಸರಿರುವುದನ್ನು ಕನ್ನಡದ ಕಿವಿ ಕೇಳಿ ಸುಮ್ಮನಿರುವುದು ಕಷ್ಟ.

ಮೊದಲು ಅವರು ನೇಕಾರ್ತಿ. ಊರಿನ ಉಣ್ಣೆ ಗಿರಣಿಯಲ್ಲಿ ಹದಿನೆಂಟು ವರ್ಷ ಮಗ್ಗದ ಮುಂದೆ ನಿಂತವರು. ಗಿರಣಿ ಮುಚ್ಚಿದಾಗ ಹೆಂಗಸರೆಲ್ಲ ಮೆಣಸಿನಕಾಯಿ ಸುಲಿಯುವ ಕಾರ್ಖಾನೆಗೆ ಹೋದರು. ಸ್ತಾನಾ ಅವರ ಗಂಡ ತ್ರಾಯ್ಕೊ ಬಸ್ ಓಡಿಸುತ್ತಿದ್ದರು. ಒಂದು ದಿನ ಆ ಬಸ್ಸಿನ ಸ್ಪೀಕರ್ ಹರಿದು ಮನೆಗೆ ಬಂತು. ಬಿಚ್ಚಿ ನೋಡಿದರೆ ಒಳಗೆ ಕಾಯಿಲನ್ನು ಹಿಡಿದಿಡಲು ಮಡಿಕೆ ಮಡಿಕೆಯಾದ ಒಂದು ಬಟ್ಟೆ. ಆ ಬಟ್ಟೆಯ ನೇಯ್ಗೆ ಒಂದು ಕಡೆ ಸಡಿಲವಾಗಿತ್ತು. "ಇದು ಎಲೆಕ್ಟ್ರಿಕ್ ಸಾಮಾನು ಅಂತ ಹೆದರ್ಕೊಂಡಿದ್ದೆ. ನೋಡಿದ್ರೆ ಬಟ್ಟೆ! ಬಟ್ಟೆಗೆ ನಾನ್ಯಾಕೆ ಹೆದರ್ಲಿ?" ಅಲ್ಲಿಂದ ಶುರುವಾಯಿತು. ಮೊದಲು ಮದುವೆ ಹೋಟೆಲುಗಳ ಸ್ಪೀಕರುಗಳು, ಆಮೇಲೆ ಹಾಡುಗಾರರದು, ಆಮೇಲೆ ಕಾರಿನ ಹುಡುಗರದು. ಕಳೆದ ಸೆಪ್ಟೆಂಬರಿನ ತನಕ ವಾರಕ್ಕೆ ಏಳೆಂಟು ಬರುತ್ತಿದ್ದವು. ಕಾಯಿಲಿಗೆ ಯಾವ ಕಾಯಿಲೆ ಬಂದರೂ ಊರಿಗೆ ಊರೇ ಹೇಳುತ್ತಿದ್ದದ್ದು ಒಂದೇ ಮಾತು: ತೇತ್ಕಾ ಹತ್ರ ತಗೊಂಡ್ಹೋಗು. ತೇತ್ಕಾ ಎಂದರೆ ದೊಡ್ಡಮ್ಮ. ಹರಿದ ಸ್ಪೀಕರ್ ಇರುವವರೆಲ್ಲರಿಗೂ ಅವರು ದೊಡ್ಡಮ್ಮನೇ.

ಕೋನಿನ ಓಟ ಎಂದರೇನು ಎಂದು ಕೇಳಿದರೆ ಸ್ತಾನಾ ಮಗ್ಗದ ಕಡೆಗೇ ಹೋಗುತ್ತಾರೆ.

"ಲಾಳಿ ಈ ಕಡೆಯಿಂದ ಆ ಕಡೆ ಓಡ್ಬೇಕು. ಓಡ್ದಿದ್ರೆ ಬಟ್ಟೆ ಇಲ್ಲ. ಕೋನೂ ಅಷ್ಟೇ, ಹಿಂದೆ ಮುಂದೆ ಓಡಿದ್ರೇನೇ ಗಾಳಿ ತಳ್ಳೋದು, ಎದೆ ಗುಂಯ್ ಅನ್ನೋದು. ಸ್ವರ ಆಳಕ್ಕೆ ಇಳಿದಷ್ಟೂ ದೂರ ಓಡ್ಬೇಕು ಪಾಪ. ಆದ್ರೆ ಲಾಳಿ ಪೆಟ್ಟಿಗೆಯಿಂದಾಚೆ ಹಾರಿದ್ರೆ? ನನ್ನ ಪಕ್ಕದ ಮಗ್ಗದವಳ ಹಣೆಗೆ ಒಂದ್ಸಲ ಬಡೀತು. ಟಕ್ ಅಂತ ಅಷ್ಟೇ ಕೇಳಿದ್ದು. ತಿರುಗಿ ನೋಡೋದ್ರೊಳಗೆ ನೆಲದ ಮೇಲಿದ್ಲು."

ಕೋನಿಗೂ ಅಂಥದೊಂದು ಟಕ್ ಇದೆ. ಕಾಯಿಲು ಸೀಳಿನೊಳಗೆ ಇರುವ ತನಕ ಅಯಸ್ಕಾಂತದ ಮಾತು ಕೇಳುತ್ತದೆ. ಅಳತೆ ಮೀರಿ ಹೊರಬಂದರೆ ಹಿಡಿತ ತಪ್ಪುತ್ತದೆ. ಸ್ವರ ಮೊದಲು ಕೆಸರಾಗುತ್ತದೆ. ಇನ್ನೂ ಮೀರಿದರೆ ಕಾಯಿಲು ಹಿಂದಕ್ಕೆ ಬರುವಾಗ ತಳದ ಕಬ್ಬಿಣಕ್ಕೆ ಹೋಗಿ ಗುದ್ದುತ್ತದೆ. ಟಕ್. ಒಂದೆರಡು ಸಲ ಗುದ್ದಿದರೆ ಕಾಯಿಲು ಸೊಟ್ಟಗಾಗುತ್ತದೆ, ಬಟ್ಟೆ ಹರಿಯುತ್ತದೆ, ಹೊಗೆ ಬರುತ್ತದೆ. ಮುಗಿಯಿತು.

ಇದಕ್ಕಿಂತ ಭಯಂಕರವಾದ ಮಾತೊಂದನ್ನು ಸ್ತಾನಾ ದನಿ ತಗ್ಗಿಸಿ ಹೇಳುತ್ತಾರೆ, ಗೋಡೆಗೆ ಕೇಳಬಾರದು ಎನ್ನುವಂತೆ. "ಜೋರಾಗಿ ಕೂಗ್ತಿರೋವಾಗ ನಂಗೆ ಭಯ ಇಲ್ಲ. ಸದ್ದು ಇದ್ದಕ್ಕಿದ್ದಂಗೆ ಸಣ್ಣಗಾಯ್ತು ನೋಡಿ, ಆಗ ಭಯ." ಈ ಹುಡುಗರ ಪೆಟ್ಟಿಗೆಗಳಲ್ಲಿ ಗಾಳಿ ಹೋಗಿ ಬರಲು ಕೊಳವೆಯೊಂದಿರುತ್ತದೆ. ಪೆಟ್ಟಿಗೆಗೆ ಒಪ್ಪುವ ಸ್ವರ ಬಂದಾಗ ಆ ಕೊಳವೆಯೇ ಅಬ್ಬರಿಸುತ್ತದೆ, ಕೋನ್ ಹೆಚ್ಚು ಅಲುಗಾಡುವುದೂ ಇಲ್ಲ. ಸ್ವರ ಅದಕ್ಕಿಂತ ಕೆಳಗಿಳಿದರೆ ಪೆಟ್ಟಿಗೆ ಕೋನಿನ ಕೈಬಿಡುತ್ತದೆ. ಹಿಡಿಯುವ ಗಾಳಿಯಿಲ್ಲದೆ ಕೋನ್ ಹುಚ್ಚೆದ್ದು ಓಡುತ್ತದೆ. ಕಿವಿಗೆ ಮಾತ್ರ ಏನೂ ಕೇಳುವುದಿಲ್ಲ. ಕೇಳುವುದಿಲ್ಲವಲ್ಲ ಎಂದು ಹುಡುಗರು ಇನ್ನಷ್ಟು ಏರಿಸುತ್ತಾರೆ. ಇದಕ್ಕೆ ಮದ್ದೆಂದು ಆಂಪ್ಲಿಫೈಯರಿನ ಪಕ್ಕೆಯಲ್ಲಿ ಉಗುರಿನಷ್ಟು ಸ್ವಿಚ್ ಒಂದಿದೆ. ಅದನ್ನು ಹಾಕಿಟ್ಟರೆ ಅಷ್ಟು ಆಳದ ಸ್ವರ ಕೋನಿನ ತನಕ ಬರುವುದೇ ಇಲ್ಲ. ಊರಿನ ಕಾರುಗಳಿಗೆಲ್ಲ ಸ್ತಾನಾ ತಮ್ಮ ಕೈಯಾರೆ ಆ ಸ್ವಿಚ್ ಹಾಕಿ ಕಳಿಸುತ್ತಾರೆ.

ಇನ್ನು ತಿಹೊಮಿರ್. ಹೆಸರಿನ ಅರ್ಥ ‘ಸದ್ದಿಲ್ಲದ ಶಾಂತಿ’. ಊರಿನಲ್ಲಿ ಅತಿ ಹೆಚ್ಚು ಸದ್ದು ಮಾಡುವ ಕಾರು ಇವನದೇ. ಮಾಂಸ ಸುಡುವ ಅಂಗಡಿಯಲ್ಲಿ ಇದ್ದಿಲಿನ ಮುಂದೆ ನಿಲ್ಲುವ ಮೂವತ್ತರ ಗಂಡಸು. ಹಳೆಯ ಬಿಳಿ ಯೂಗೊ ಕಾರು, ಹಿಂದಿನ ಸೀಟು ಕಿತ್ತು ಅಲ್ಲೊಂದು ಪೆಟ್ಟಿಗೆ. ಇವನ ಕಾರು ಬೀದಿಗೆ ಬಂದರೆ ಐವಾರ್ ಬಾಟಲಿಗಳು ಕಪಾಟಿನಲ್ಲಿ ಮುಂದೆ ಮುಂದೆ ನಡೆದುಬರುತ್ತವೆ ಎಂದು ಹೆಂಗಸರು ಶಾಪ ಹಾಕುತ್ತಾರೆ.

ಪ್ರತಿ ಸೆಪ್ಟೆಂಬರಿನ ಒಂದು ಭಾನುವಾರ ದನದ ಸಂತೆಯ ಮೈದಾನದಲ್ಲಿ ಈ ಕಾರುಗಳೆಲ್ಲ ಸೇರುತ್ತವೆ. ವಾರದ ದಿನ ಕೋಣ ಕಟ್ಟುವ ಗೂಟಗಳ ನಡುವೆ ಭಾನುವಾರ ಕೋನುಗಳ ಕುಣಿತ. ಅಲ್ಲೊಂದು ಪದ್ಧತಿಯಿದೆ. ಹೊಸದಾಗಿ ಕಟ್ಟಿಸಿದ ಸ್ಪೀಕರ್ ಮೊದಲ ಸಲ ಹಾಡುವಾಗ ಅದನ್ನು ಕಟ್ಟಿದವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಲ್ಲಬೇಕು. ಹಾಡು ಮುಗಿಯುವ ತನಕ ಕೈ ತೆಗೆಯುವಂತಿಲ್ಲ. ತೆಗೆದರೆ ತಮ್ಮ ಕೆಲಸದ ಮೇಲೆ ತಮಗೇ ನಂಬಿಕೆ ಇಲ್ಲ ಎಂದು ಅರ್ಥ. ಕಳೆದ ವರ್ಷ ಸ್ತಾನಾ ಹಾಗೆ ತಿಹೊಮಿರ್‌ನ ಪೆಟ್ಟಿಗೆಯ ಮೇಲೆ ಕೈ ಇಟ್ಟು ನಿಂತಿದ್ದಾಗಲೇ ಟಕ್ ಎಂದಿತು. ಎರಡು ಸಲ. ಆಮೇಲೆ ಬಟ್ಟೆ ಹರಿದ ಸದ್ದು, ಆಮೇಲೆ ಹೊಗೆ.

"ಅಂಗೈಯೊಳಗೇ ಸತ್ತುಹೋಯ್ತು," ಎನ್ನುತ್ತಾರೆ. "ಕೋಳಿ ಕೊರಳು ಮುರಿದಾಗ ಕೈಗೆ ಗೊತ್ತಾಗತ್ತಲ್ಲ, ಹಾಗೆ."

ಅಂಟು ಸರಿಯಾಗಿ ಒಣಗಿರಲಿಲ್ಲವಂತೆ ಎಂದಿತು ಮೈದಾನ. ಮುದುಕಿಗೆ ಕಣ್ಣು ಕಾಣಿಸುತ್ತಿಲ್ಲವಂತೆ ಎಂದಿತು ಸಂಜೆಯ ಹೊತ್ತಿಗೆ ಊರು. ಹರಿದ ಸ್ಪೀಕರುಗಳು ನಿಶ್ ಪಟ್ಟಣದ ಬಸ್ ಹತ್ತತೊಡಗಿದವು. ವಾರಕ್ಕೆ ಏಳೆಂಟು ಬರುತ್ತಿದ್ದದ್ದು ತಿಂಗಳಿಗೆ ಒಂದಾಯಿತು, ಅದೂ ಚರ್ಚಿನ ಅಂಗಳದ ಧ್ವನಿವರ್ಧಕ. ಊರಿನ ಮಾತಿಗಿಂತ ಹೆಚ್ಚಾಗಿ ಸ್ತಾನಾ ಅವರನ್ನು ಕಾಡಿದ್ದು ತಮ್ಮದೇ ಅನುಮಾನ. "ಅಂಟು ಒಣಗಿತ್ತು ಅಂತ ನಂಗೆ ಗೊತ್ತು. ಗೊತ್ತು ಅಂತ ಅಂದ್ಕೊಂಡಿದೀನಿ. ರಾತ್ರಿ ಕಣ್ಣು ಮುಚ್ಚಿದ್ರೆ ಒಣಗಿರ್ಲಿಲ್ವೇನೋ ಅನ್ಸತ್ತೆ. ಬೆಳಗ್ಗೆ ಎದ್ದು ಬೆರಳು ನೋಡ್ಕೋತೀನಿ. ಇವೇ ತಾನೇ ಮಾಡಿದ್ದು? ಯಾರನ್ನ ಕೇಳ್ಲಿ?"

ಆ ದಿನದಿಂದ ಈ ಮನೆಯಲ್ಲಿ ಯಾರೂ ಏನನ್ನೂ ಬಡಿಯುವುದಿಲ್ಲ. ಗೇಟಿಗೆ ಹೊಡೆದ ಸ್ಪೀಕರ್ ರಿಪೇರಿಯ ತಗಡಿನ ಹಲಗೆಯ ಕೆಳಗೆ ಹೊಸ ಸಾಲೊಂದು ಸೇರಿದೆ: ಬಾಗಿಲು ತಟ್ಟಬೇಡಿ, ಕೂಗಿ. ಅಂಚೆಯವನು ಬಂದರೆ ಕೆಮ್ಮುತ್ತಾನೆ. ಈ ಈಸ್ಟರಿನಲ್ಲಿ ಎಲ್ಲರೂ ಮೇಜಿಗೆ ಕೂತು ಬಣ್ಣದ ಮೊಟ್ಟೆಗೆ ಮೊಟ್ಟೆ ಗುದ್ದಿಸುವ ಹೊತ್ತಿಗೆ ಸ್ತಾನಾ ಎದ್ದು ಅಂಗಳಕ್ಕೆ ಹೋದರು. ತ್ರಾಯ್ಕೊಗೆ ಅಕ್ರೋಟವೆಂದರೆ ಪ್ರಾಣ. ಅವರು ಈಗ ತೋಟದ ಆ ತುದಿಗೆ, ಪ್ಲಮ್ ಮರದಾಚೆ ಹೋಗಿ, ಕೋಟಿನೊಳಗೆ ಕೈಯಿಟ್ಟುಕೊಂಡು ಕದ್ದು ಒಡೆಯುತ್ತಾರೆ.

"ನಲವತ್ತು ವರ್ಷ ಬಸ್ ಓಡಿಸ್ದೆ, ಇಷ್ಟು ಹುಷಾರಾಗಿ ಬ್ರೇಕ್ ಹಾಕಿರ್ಲಿಲ್ಲ," ಎನ್ನುತ್ತಾರೆ ತ್ರಾಯ್ಕೊ. "ಚಮಚ ತಟ್ಟೆಗೆ ತಾಗಿದ್ರೂ ಇವ್ಳು ಬೆಚ್ಚಿಬೀಳ್ತಾಳೆ. ಸೂಪು ಕುಡಿಯೋದು ಬಾಂಬ್ ಬಿಚ್ಚಿದ ಹಾಗಾಗಿದೆ."

"ನೀನು ಸೂಪು ಕುಡಿಯೋ ಸದ್ದಿಗೆ ಯಾರಾದ್ರೂ ಬೆಚ್ಬೇಕು," ಎನ್ನುತ್ತಾರೆ ಸ್ತಾನಾ, ಕೋನಿನಿಂದ ಕಣ್ಣು ತೆಗೆಯದೆ.

ಎರಡು ವಾರದ ಹಿಂದೆ ತಿಹೊಮಿರ್ ಅದೇ ಸಬ್‌ವೂಫರನ್ನು ಕಂಬಳಿಯಲ್ಲಿ ಸುತ್ತಿ ತಂದ. ವರ್ಷವಿಡೀ ಅದು ಅವನ ಅಮ್ಮನ ಉಗ್ರಾಣದಲ್ಲಿ ಉಪ್ಪಿನಕಾಯಿ ಭರಣಿಗಳ ಕೆಳಗೆ ಬಿದ್ದಿತ್ತು. ನಿಶ್‌ಗೆ ಹೋಗಪ್ಪಾ ಎಂದರು ಸ್ತಾನಾ. "ಬೇರೆ ಯಾರಿಗೂ ಕೊಡಲ್ಲ ತೇತ್ಕಾ. ನೀವೇ ಕಟ್ಬೇಕು," ಎಂದ ಅವನು, ನೆಲ ನೋಡಿಕೊಂಡು. ಒಳ್ಳೆಯ ಹುಡುಗ, ದೊಡ್ಡ ಮನಸ್ಸು ಎಂದಿತು ಬೀದಿ. ಸ್ತಾನಾ ಇಡೀ ದಿನ ಅದನ್ನು ಮುಟ್ಟಲಿಲ್ಲ. ಮಾರನೆಯ ದಿನ ಗಂಡನಿಗೆ ಹೇಳಿದರು: "ಇದೊಂದು ಕಟ್ತೀನಿ. ಇದೂ ಟಕ್ ಅಂದ್ರೆ ಗೇಟಿನ ಹಲಗೆ ನೀನೇ ಕಿತ್ತುಬಿಡು. ನಾನು ಮೆಣಸಿನಕಾಯಿ ಸುಲಿಯೋಕೆ ಹೋಗ್ತೀನಿ."

ಈಗ ಮೇಜಿನ ಮೇಲಿರುವುದು ಅದೇ. ಸ್ತಾನಾ ಚಿಕ್ಕ ಬ್ಯಾಟರಿಯೊಂದರ ತಂತಿ ತಾಗಿಸುತ್ತಾರೆ. ಕೋನ್ ಹೊರಕ್ಕೆ ಜಿಗಿದು ನಿಲ್ಲುತ್ತದೆ, ನಿದ್ದೆಯಲ್ಲಿ ಎದೆ ಉಬ್ಬಿದಂತೆ. ತಂತಿ ತೆಗೆದರೆ ಕೂರುತ್ತದೆ. ಸೂಜಿ ಬಿದ್ದಷ್ಟೂ ಸದ್ದಿಲ್ಲ. ಶನಿವಾರ ತಿಹೊಮಿರ್ ಕಾರಿಗೆ ಅದನ್ನು ತಾವೇ ಕೂರಿಸುತ್ತಾರೆ, ಆಂಪ್ಲಿಫೈಯರಿನ ಉಗುರು ಸ್ವಿಚ್ಚನ್ನು ಹಾಕುತ್ತಾರೆ, ಯಾರೂ ಮುಟ್ಟದಿರಲಿ ಎಂದು ಅದರ ಮೇಲೆ ಗಾಯಕ್ಕೆ ಅಂಟಿಸುವ ಪಟ್ಟಿಯೊಂದನ್ನು ಅಂಟಿಸುತ್ತಾರೆ.

ಭಾನುವಾರ, ದನದ ಸಂತೆಯ ಮೈದಾನ. ಸುಟ್ಟ ಮಾಂಸದ ಹೊಗೆ, ಬಿಸಿಲು, ಒಂದರ ಪಕ್ಕ ಒಂದು ಕಾರು, ಎಲ್ಲದರ ಹಿಂಬಾಗಿಲೂ ಆಕಾಶಕ್ಕೆ ತೆರೆದಿದೆ. ಮೈಕ್ ಹಿಡಿದವನು ಚೆದಾ. ಕಸುಬಿನಲ್ಲಿ ಕ್ಷೌರಿಕ, ಹವ್ಯಾಸದಲ್ಲಿ ಇಡೀ ಊರು. ಪಾದ್ರಿ ಕೆಮ್ಮುವುದು, ಪೊಲೀಸ್ ಅಧಿಕಾರಿ ಮೂಗು ಸೀಟುವುದು, ತಿಹೊಮಿರ್ ಕಾರು ಚಳಿಗಾಲದಲ್ಲಿ ಸ್ಟಾರ್ಟ್ ಆಗದಿರುವುದು, ಎಲ್ಲವೂ ಅವನ ಬಾಯಲ್ಲಿ ಯಥಾಪ್ರಕಾರ. ಗಿರಾಕಿಯ ಕೊರಳ ಮೇಲೆ ಕತ್ತಿಯಿಟ್ಟು ಆ ಗಿರಾಕಿಯ ಹೆಂಡತಿಯ ದನಿಯಲ್ಲಿ ಕೂಗುವ ಧೈರ್ಯ ಅವನೊಬ್ಬನಿಗೇ.

"ನಮ್ಮ ತೇತ್ಕಾ ಬಂದ್ರು! ದಾರಿ ಬಿಡ್ರೋ!" ಎಂದು ಮೈಕಿನಲ್ಲಿ ಸಾರುತ್ತಾನೆ. "ತೇತ್ಕಾ, ಕೈ ತೊಳ್ಕೊಂಡು ಬಂದ್ರಾ? ಅಂಟು ಗಿಂಟು ಇದ್ರೆ ಪೆಟ್ಟಿಗೆಗೇ ಅಂಟ್ಕೊಂಡುಬಿಟ್ಟೀರಿ. ತ್ರಾಯ್ಕೊ ಮಾವ ನಿಮ್ಮನ್ನೂ ಪೆಟ್ಟಿಗೇನೂ ಒಟ್ಟಿಗೆ ಮನೆಗೆ ಹೊತ್ಕೊಂಡ್ಹೋಗ್ಬೇಕು!"

ಎಲ್ಲರೂ ನಗುತ್ತಾರೆ. ಸ್ತಾನಾ ತುಟಿ ಮಾತ್ರ ಅಲುಗಾಡಿಸುತ್ತಾರೆ. ಬೆಳಗಿನಿಂದ ಒಂದು ತುತ್ತೂ ಇಳಿದಿಲ್ಲ. ಬೆಳಗಾಗುತ್ತಲೇ ತ್ರಾಯ್ಕೊ ಬೇಕರಿಯಿಂದ ತಂದ ಬುರೆಕ್ ಎಂಬ ಪದರು ಪದರಿನ ತಿಂಡಿ ಚೀಲದಲ್ಲೇ ತಣ್ಣಗಾಗಿದೆ. ತ್ರಾಯ್ಕೊ ಹೆಂಡತಿಯ ಹಿಂದೆ ಒಂದು ಹೆಜ್ಜೆ ದೂರದಲ್ಲಿ, ಎರಡೂ ಕೈ ಕೋಟಿನ ಜೇಬಿನಲ್ಲಿಟ್ಟು ನಿಂತಿದ್ದಾರೆ. ಗೇಟಿನ ಹಲಗೆ ಕೀಳಲು ಸುತ್ತಿಗೆ ಎಲ್ಲಿದೆ ಎಂದು ಸ್ತಾನಾ ಬೆಳಗ್ಗೆ ಎರಡು ಸಲ ಕೇಳಿದ್ದರು. ತ್ರಾಯ್ಕೊ ಎರಡು ಸಲವೂ ಕೇಳಿಸದವರಂತೆ ಇದ್ದರು.

ತಿಹೊಮಿರ್ ಮುಂದಿನ ಸೀಟಿನಲ್ಲಿ ಕೂರುತ್ತಾನೆ. ಸ್ತಾನಾ ಹಿಂಬಾಗಿಲ ಬಳಿ ಬಂದು, ಒಂದು ಕ್ಷಣ ತಡೆದು, ಬಲಗೈಯನ್ನು ಪೆಟ್ಟಿಗೆಯ ಮೇಲೆ ಇಡುತ್ತಾರೆ. ನೆತ್ತಿಯ ಹೂವಿನ ಚೌಕವನ್ನು ಎಡಗೈ ಸರಿಮಾಡುತ್ತದೆ, ಮತ್ತೆ ಸರಿಮಾಡುತ್ತದೆ.

ಹಾಡು ಶುರು. ಮೊದಲು ಕಹಳೆಗಳು, ನಂತರ ಕೆಳಗಿನಿಂದ ಏಳುವ ಆ ಗುಡುಗು. ಯೂಗೊದ ನಂಬರ್ ಪ್ಲೇಟ್ ಗಡಗಡಿಸುತ್ತದೆ. ಜನರ ಕೈಯಲ್ಲಿನ ಬಿಯರಿನಲ್ಲಿ ಉಂಗುರಗಳು ಏಳುತ್ತವೆ. ಪೆಟ್ಟಿಗೆಯ ಕೊಳವೆಯಿಂದ ಬರುವ ಗಾಳಿಗೆ ಸ್ತಾನಾ ಅವರ ಚೌಕದ ತುದಿ ಬಾವುಟದಂತೆ ಹಾರುತ್ತದೆ. ಅವರು ಕಣ್ಣು ಮುಚ್ಚಿದ್ದಾರೆ. ಅಂಗೈಯ ಕೆಳಗೆ ಮರ ಅದುರುತ್ತಿದೆ, ಅದುರಲಿ, ಗುದ್ದುತ್ತಿಲ್ಲ.

ಹಾಡಿನ ನಡುವೆ ಕಹಳೆಗಳು ನಿಲ್ಲುವ ಒಂದು ಜಾಗ ಬರುತ್ತದೆ. ಸ್ವರ ಇಳಿಯುತ್ತದೆ, ಇನ್ನೂ ಇಳಿಯುತ್ತದೆ. ಸದ್ದು ಇದ್ದಕ್ಕಿದ್ದಂತೆ ಸಣ್ಣಗಾಗುತ್ತದೆ. ಬಿಯರಿನ ಉಂಗುರಗಳೂ ಮಾಯವಾಗುತ್ತವೆ. ಮೈದಾನ ತಣ್ಣಗಾದಂತೆ ಅನಿಸುತ್ತದೆ. ಸ್ತಾನಾ ಕಣ್ಣು ತೆರೆಯುತ್ತಾರೆ. ಸ್ವಿಚ್ ಹಾಕಿದ್ದರೆ ಇಲ್ಲಿ ಕೋನ್ ಸುಮ್ಮನೆ ನಿಲ್ಲಬೇಕಿತ್ತು. ಚೌಕದ ತುದಿ ಮಾತ್ರ ಇನ್ನೂ ಹಾರುತ್ತಲೇ ಇದೆ, ಮೊದಲಿಗಿಂತ ಜೋರಾಗಿ.

ಟಕ್.

ಟಕ್. ಟಕ್. ಖರ್ರ್.

ಸ್ತಾನಾ ಅವರ ಬಾಯಿಂದ ಒಂದು ಕೂಗು ಹೊರಡುತ್ತದೆ, ಮಾತಲ್ಲ, ಬರೀ ಕೂಗು. ಪೆಟ್ಟಿಗೆಯಿಂದ ಕೈ ಕಿತ್ತು, ಅರ್ಧ ಮೈಯನ್ನು ಕಾರಿನೊಳಗೆ ಚಾಚಿ, ಎಲ್ಲವನ್ನೂ ಒಮ್ಮೆಗೇ ಆರಿಸುವ ಕೆಂಪು ಸ್ವಿಚ್ಚನ್ನು ಮುಷ್ಟಿಯಲ್ಲಿ ಹೊಡೆದು ಆರಿಸುತ್ತಾರೆ. ಇಡೀ ಕಾರು ಸತ್ತಂತಾಗುತ್ತದೆ.

ಆಮೇಲೆ ಮೈದಾನ ಬಿದ್ದು ಬಿದ್ದು ನಗುತ್ತದೆ. ಚೆದಾ ಮೈಕನ್ನು ತುಟಿಗೆ ತಾಗಿಸಿಕೊಂಡು ಸೊಂಟ ಬಗ್ಗಿಸಿ ನಮಸ್ಕರಿಸುತ್ತಿದ್ದಾನೆ. ಮತ್ತೆ ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ತೋರಿಸುತ್ತಾನೆ: ಟಕ್. ಟಕ್. ಖರ್ರ್. ಮೈದಾನದ ಧ್ವನಿವರ್ಧಕದಲ್ಲಿ ಅದು ಹರಿದ ಸ್ಪೀಕರೇ. ಸುಳ್ಳು ಸದ್ದು ಇದೇ. ಒಂದು ವಾರದಿಂದ ಕತ್ತರಿ ಹಿಡಿದು ಅಭ್ಯಾಸ ಮಾಡಿದ್ದನಂತೆ. ಗುಡುಗಿನ ನಡುವೆ ಯಾರಿಗೂ ಕೇಳಿಸುವುದಿಲ್ಲವೆಂದು ಹಾಡು ಸಣ್ಣಗಾಗುವ ಜಾಗಕ್ಕೇ ಕಾದಿದ್ದ.

"ತೇತ್ಕಾ, ತಮಾಷೆಗೆ!" ಎನ್ನುತ್ತಾನೆ. "ಕೈ ತೆಗೆದ್ರಿ, ಕೈ ತೆಗೆದ್ರಿ! ನಿಮ್ಮ ಕೆಲಸ ನೀವೇ ನಂಬಲ್ಲ!"

ಸ್ತಾನಾ ಕೇಳಿಸಿಕೊಳ್ಳುತ್ತಿಲ್ಲ. ಮುಖ ಸುಣ್ಣದಂತಾಗಿದೆ. ಎರಡೂ ಹೆಬ್ಬೆರಳನ್ನು ಕೋನಿನ ಮೇಲೆ ಊರಿ ಒತ್ತುತ್ತಾರೆ, ಬಿಡುತ್ತಾರೆ. ಕೆರೆತವಿಲ್ಲ. ಇನ್ನೊಮ್ಮೆ. ಇಲ್ಲ. ಬಗ್ಗಿ ಮೂಸುತ್ತಾರೆ. ಕಾಯಿಲಿನ ಬಣ್ಣ ಕಾದ ವಾಸನೆ, ಈಗಷ್ಟೇ ಶುರುವಾಗಿದ್ದ ವಾಸನೆ. ಬದುಕಿದೆ. ಆದರೆ ಅಂಚಿನ ತನಕ ಹೋಗಿ ಬಂದಿದೆ. ಇನ್ನು ನಾಲ್ಕು ಸಲ ಹೋಗಿ ಬಂದಿದ್ದರೆ ಚೆದಾನ ನಾಲಿಗೆಯ ಕೆಲಸವನ್ನು ಕಬ್ಬಿಣವೇ ಮಾಡುತ್ತಿತ್ತು.

ಆಗ ಅವರ ಕಣ್ಣು ಆಂಪ್ಲಿಫೈಯರಿನ ಪಕ್ಕೆಗೆ ಹೋಗುತ್ತದೆ. ಗಾಯದ ಪಟ್ಟಿ ಅರ್ಧ ಕಿತ್ತು ಜೋತಾಡುತ್ತಿದೆ. ಉಗುರು ಸ್ವಿಚ್ ಆರಿದೆ.

"ತಿಹೊಮಿರ್. ಇದನ್ನ ಯಾರು ಆರಿಸಿದ್ದು?"

ಅವನು ಕಾರಿನಿಂದ ಇಳಿದು ಬಂದಿದ್ದಾನೆ. ಇದ್ದಿಲಿನ ಮುಂದೆ ನಿಂತು ನಿಂತು ಯಾವಾಗಲೂ ಕೆಂಪಗಿರುವ ಮುಖ ಈಗ ಬೂದಿ. "ನಾನೇ ತೇತ್ಕಾ. ಅದು ಹಾಕಿದ್ರೆ ಆ ಕೊನೇ ಆಳ ಬರಲ್ಲ. ಪಕ್ಕದ ಕಾರಿನವನದು ಬರ್ತಿತ್ತು. ನೀವು ಕಟ್ಟಿರೋದಲ್ವಾ, ತಡೆಯತ್ತೆ ಅಂದ್ಕೊಂಡೆ."

ಸ್ತಾನಾ ಅವನನ್ನು ನೋಡುತ್ತಾರೆ. ಅವನು ನೆಲ ನೋಡುತ್ತಾನೆ. ಎರಡು ವಾರದ ಹಿಂದೆ ಕಂಬಳಿ ಸುತ್ತಿ ತಂದಾಗಲೂ ಹೀಗೇ ನೆಲ ನೋಡಿದ್ದ.

"ಕಳೆದ ವರ್ಷ?"

ಮೈದಾನದ ನಗು ಒಂದೊಂದೇ ಬಾಯಿಂದ ಕಳಚಿ ಬೀಳುತ್ತದೆ. ತಿಹೊಮಿರ್ ಸದ್ದಿಲ್ಲದ ಶಾಂತಿ ಎಂಬ ಹೆಸರಿಗೆ ಮೊದಲ ಸಲ ಸರಿಹೊಂದುತ್ತಾನೆ.

"ಲೇ, ಬಾಯಿ ಬಿಡೋ. ಕಳೆದ ವರ್ಷ?"

"ಕಳೆದ ವರ್ಷಾನೂ ಆರಿಸಿದ್ದೆ ತೇತ್ಕಾ." ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾನೆ. "ಹೊಗೆ ಬಂದಾಗ ಸ್ವಿಚ್ ಕಡೆ ಯಾರೂ ನೋಡ್ಲಿಲ್ಲ. ಮನೆಗೆ ಹೋಗಿ ಮತ್ತೆ ಹಾಕ್ದೆ. ಅದ್ರಿಂದ್ಲೇ ಹೋಯ್ತೋ ಅಂಟಿಂದ ಹೋಯ್ತೋ ನಂಗೂ ಗೊತ್ತಿರ್ಲಿಲ್ಲ. ಎಲ್ರೂ ಅಂಟು ಅಂದ್ರು. ನಾನೂ… ಸುಮ್ನಿದ್ದೆ."

ಚೆದಾ ಮೈಕನ್ನು ಕೆಳಗಿಳಿಸಿದ್ದಾನೆ. ಅಂಟು ಒಣಗಿರಲಿಲ್ಲವಂತೆ ಎಂದು ಕಳೆದ ವರ್ಷ ಮೊದಲು ಮೈಕಿನಲ್ಲಿ ಹೇಳಿದ್ದು ಅವನೇ. ಇವತ್ತು ಆ ನಾಲಿಗೆಯೇ ಸಬ್‌ವೂಫರನ್ನು ಉಳಿಸಿದೆ ಎಂಬುದು ಅವನಿಗಿನ್ನೂ ಗೊತ್ತಾಗಿಲ್ಲ.

ಸ್ತಾನಾ ತಮ್ಮ ಎರಡೂ ಕೈಯನ್ನು ಮುಖದ ಮುಂದೆ ಹಿಡಿದು ನೋಡುತ್ತಾರೆ, ಒಂದು ವರ್ಷದಿಂದ ದಿನಾ ಬೆಳಗ್ಗೆ ನೋಡಿಕೊಂಡಂತೆ. ತಿರುಗಿಸಿ ಬೆರಳ ತುದಿ ನೋಡುತ್ತಾರೆ. ಅಂಟಿನ ಕಲೆ ಇದೆ. ಒಣಗಿದ ಕಲೆ.

"ಒಣಗಿತ್ತು," ಎನ್ನುತ್ತಾರೆ ಗಂಡನ ಕಡೆ ತಿರುಗಿ. "ಕೇಳಿಸ್ತೇನೋ ಮುದುಕಾ? ಒಣಗಿತ್ತು."

"ಕೇಳಿಸ್ತು ಕಣೇ."

"ಚೆದಾ!" ಚೆದಾ ಬೆಚ್ಚುತ್ತಾನೆ. "ಆಗ್ಲೇ ಮಾಡಿದ್ಯಲ್ಲ, ಅದನ್ನ ಇನ್ನೊಂದ್ಸಲ ಮಾಡು."

"ತೇತ್ಕಾ, ತಪ್ಪಾಯ್ತು…"

"ತಪ್ಪು ಒಪ್ಪು ನಾಳೆ. ಈಗ ಮಾಡು. ನಾನು ಸರಿಯಾಗಿ ಕೇಳ್ಬೇಕು."

ಚೆದಾ ಮೈಕನ್ನು ತುಟಿಗೆ ತರುತ್ತಾನೆ. ಬಾಯಿ ಒಣಗಿದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ. ಧ್ವನಿವರ್ಧಕದಲ್ಲಿ ಬರೀ ಉಸಿರು ಬರುತ್ತದೆ. ಎರಡನೆಯ ಸಲವೂ ಉಸಿರೇ. ಮೈದಾನದಲ್ಲಿ ಮಾಂಸದ ಕೊಬ್ಬು ಇದ್ದಿಲಿಗೆ ತೊಟ್ಟಿಕ್ಕುವ ಸದ್ದಷ್ಟೇ ಉಳಿದಿದೆ.

ತ್ರಾಯ್ಕೊ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಕೋಟಿನ ಜೇಬಿನಿಂದ ಎರಡು ಅಕ್ರೋಟ ತೆಗೆಯುತ್ತಾರೆ. ಹೆಂಡತಿಯ ಕಿವಿಯ ಹತ್ತಿರ ಮುಷ್ಟಿ ಹಿಡಿದು, ಒಂದು ವರ್ಷದಿಂದ ಪ್ಲಮ್ ಮರದಾಚೆ ಹೋಗಿ ಮಾಡುತ್ತಿದ್ದದ್ದನ್ನು ಊರೆಲ್ಲ ನೋಡುವಂತೆ ಮಾಡುತ್ತಾರೆ.

ಟಕ್.

ಸ್ತಾನಾ ಅವರ ಭುಜ ಒಮ್ಮೆ ಅದುರುತ್ತದೆ, ಅಭ್ಯಾಸಬಲ. ಮತ್ತೊಮ್ಮೆ ಅದುರುತ್ತದೆ. ಆಮೇಲೆ ಅದುರುವುದು ನಿಲ್ಲುವುದೇ ಇಲ್ಲ. ಹೊಟ್ಟೆಯ ತಳದಿಂದ ಎದ್ದ ನಗು ಎದೆಗೆ ಬಂದು, ಕೊರಳಿಗೆ ಬಂದು, ಹೂವಿನ ಚೌಕವನ್ನು ಹಿಂದಕ್ಕೆ ಜಾರಿಸಿ ಹೊರಬೀಳುತ್ತದೆ. ಮೊದಲು ತ್ರಾಯ್ಕೊ ನಗುತ್ತಾರೆ, ನಂತರ ಹೆದರಿ ಹೆದರಿ ಚೆದಾ, ಅಳುತ್ತಲೇ ತಿಹೊಮಿರ್, ಕೊನೆಗೆ ಇಡೀ ಮೈದಾನ. ಆದರೂ ಎಲ್ಲರ ನಗುವಿನ ಮೇಲೆ, ಯಾವ ಪೆಟ್ಟಿಗೆ ಯಾವ ಕೊಳವೆಯ ಸಹಾಯವೂ ಇಲ್ಲದೆ, ಕಣ್ಣೊರೆಸಿಕೊಳ್ಳುತ್ತ, ಒಡೆದ ಅಕ್ರೋಟವನ್ನು ಬಾಯಿಗೆ ಹಾಕಿಕೊಳ್ಳುತ್ತ, ಅತಿ ಜೋರಾಗಿ ಕೇಳುತ್ತಿರುವುದು ಸ್ತಾನಾ ಅವರ ನಗುವೇ.